ಸ್ಕೋರ್‌ಗೂ ಮುಂಚೆ ಸ್ಲೈಡ್: ಅಂಡಾಶಯ ಕ್ಯಾನ್ಸರಿನ ಆಣ್ವಿಕ ವರದಿ ಬರೆಯುವಾಗ

ಅಂಡಾಶಯ ಕ್ಯಾನ್ಸರಿನ ಆಣ್ವಿಕ ವರದಿಗಳನ್ನು, ಅಂದರೆ ಗಡ್ಡೆಯ ಡಿಎನ್‌ಎ ಪರೀಕ್ಷೆಯ ವರದಿಗಳನ್ನು, ಬರೆಯುವ ಪೆಥಾಲಜಿಸ್ಟ್ ನಾನು. ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿದ ಪ್ಯಾರಫಿನ್ ಬ್ಲಾಕ್ ಮೇಜಿಗೆ ಬಂದೊಡನೆ ಹೊಸ ಸ್ಲೈಡ್ ಒಂದಕ್ಕೆ ಬಣ್ಣ ಹಾಕಿಸಿ, ಗಡ್ಡೆಯ ಜೀವಕೋಶಗಳು ದಟ್ಟವಾಗಿರುವ ಭಾಗದ ಸುತ್ತ ಪೆನ್ನಿನಿಂದ ಗೆರೆ ಎಳೆಯುತ್ತೇನೆ. ಡಿಎನ್‌ಎ ತೆಗೆಯುವವರು ಆ ಗೆರೆಯೊಳಗಿನ ಅಂಗಾಂಶವನ್ನಷ್ಟೇ ಕೆರೆದುಕೊಳ್ಳುತ್ತಾರೆ. ಕೀಮೋಥೆರಪಿಯ ನಂತರ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶದಲ್ಲಿ ಅನೇಕ ಸಲ ನಾರು ಮತ್ತು ಉರಿಯೂತದ ಕೋಶಗಳೇ ಹೆಚ್ಚಾಗಿ ಉಳಿದಿರುವುದರಿಂದ, ಅಂಥ ಸಂದರ್ಭದಲ್ಲಿ ಚಿಕಿತ್ಸೆಗೆ ಮುಂಚಿನ ಬಯಾಪ್ಸಿಯನ್ನೇ ಕಳುಹಿಸಿಕೊಡುವಂತೆ ಕೇಳುತ್ತೇನೆ.

ಅಂಡಾಶಯ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವ ಹೈ-ಗ್ರೇಡ್ ಸೀರಸ್ ಬಗೆಯ ಬಹುತೇಕ ಎಲ್ಲ ಗಡ್ಡೆಗಳಲ್ಲೂ ಟಿಪಿ53 ಜೀನಿನ ರೂಪಾಂತರ (ಡಿಎನ್‌ಎ ಬರಹದಲ್ಲಿನ ಬದಲಾವಣೆ) ಇರುತ್ತದೆ. 2011ರಲ್ಲಿ ಪ್ರಕಟವಾದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಅಧ್ಯಯನದಲ್ಲಿ ಅದರ ಪ್ರಮಾಣ ಶೇ 96ರಷ್ಟಿತ್ತು. ಬಹುತೇಕ ಎಲ್ಲರಲ್ಲೂ ಇರುವುದರಿಂದ ರೋಗಿಗಳನ್ನು ವಿಂಗಡಿಸಲು ಅದು ನೆರವಾಗದು. ಆದರೆ ಅದು ಎಷ್ಟು ಪಾಲು ಡಿಎನ್‌ಎಯಲ್ಲಿ ಕಾಣಿಸುತ್ತದೆ ಎಂಬುದರಿಂದ ಮಾದರಿಯಲ್ಲಿ ಗಡ್ಡೆಯ ಅಂಶ ಎಷ್ಟಿದೆಯೆಂಬ ಅಂದಾಜು ಸಿಗುತ್ತದೆ. ಕಾಣದೇ ಹೋದರೆ ಮಾದರಿಯನ್ನೂ ರೋಗದ ಬಗೆಯನ್ನೂ ಮತ್ತೊಮ್ಮೆ ಪರಿಶೀಲಿಸುತ್ತೇನೆ. ಅದೇ ಅಧ್ಯಯನ ಜೀನ್‌ಗಳ ಚಟುವಟಿಕೆಯನ್ನು ಆಧರಿಸಿ ಗುರುತಿಸಿದ ನಾಲ್ಕು ಉಪವರ್ಗಗಳನ್ನು ನಾನು ವರದಿಯಲ್ಲಿ ಬರೆಯುವುದಿಲ್ಲ, ಏಕೆಂದರೆ ಅವುಗಳನ್ನು ನೋಡಿ ಔಷಧ ಬದಲಿಸುವ ಹಂತಕ್ಕೆ ನಾವು ಬಂದಿಲ್ಲ.

ಔಷಧದ ಆಯ್ಕೆಗೆ ಆಧಾರವಾಗುವುದು ಡಿಎನ್‌ಎ ದುರಸ್ತಿಯ ಸ್ಥಿತಿ. ಎರಡೂ ಎಳೆಗಳು ತುಂಡಾದಾಗ ಅವನ್ನು ತಪ್ಪಿಲ್ಲದೆ ಜೋಡಿಸುವ ವ್ಯವಸ್ಥೆ ಕೆಟ್ಟಿರುವ ಗಡ್ಡೆಗಳು ಪ್ಲಾಟಿನಂ ಔಷಧಗಳಿಗೂ ಪಾರ್ಪ್ ಪ್ರತಿಬಂಧಕಗಳಿಗೂ (ಡಿಎನ್‌ಎ ದುರಸ್ತಿಯ ಇನ್ನೊಂದು ದಾರಿಯನ್ನು ತಡೆಯುವ ಔಷಧಗಳು) ಹೆಚ್ಚು ಬಗ್ಗುತ್ತವೆ. ಈ ದುರಸ್ತಿಗೆ ಬೇಕಾದ ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2 ಜೀನಿನಲ್ಲಿ ರೋಗಕಾರಕ ರೂಪಾಂತರ ಸಿಕ್ಕರೆ ತೀರ್ಮಾನ ಸುಲಭ: 2018ರಲ್ಲಿ ಪ್ರಕಟವಾದ ಸೋಲೋ-1 ಪ್ರಯೋಗದಲ್ಲಿ, ಅಂಥ ರೋಗಿಗಳಿಗೆ ಮೊದಲ ಕೀಮೋ ಫಲಿಸಿದ ಬಳಿಕ ಒಲಾಪರಿಬ್ ಎಂಬ ಪಾರ್ಪ್ ಪ್ರತಿಬಂಧಕವನ್ನು ಕೊಟ್ಟಾಗ, ರೋಗ ಉಲ್ಬಣಿಸುವ ಅಥವಾ ಸಾವು ಸಂಭವಿಸುವ ಅಪಾಯ ಶೇ 70ರಷ್ಟು ತಗ್ಗಿತ್ತು. ಅಂಥ ರೂಪಾಂತರ ಸಿಗದಿದ್ದಾಗ ಜೀನೋಮ್ ಅಸ್ಥಿರತೆಯ ಸ್ಕೋರ್, ಅಂದರೆ ದುರಸ್ತಿ ಕೆಟ್ಟಿದ್ದರಿಂದ ಗಡ್ಡೆಯ ಡಿಎನ್‌ಎಯಲ್ಲಿ ಉಳಿದ ಹಾನಿಯನ್ನು ಅಳೆಯುವ ಅಂಕ, ನೋಡುತ್ತೇವೆ. ಹೆಚ್ಚು ಬಳಕೆಯಲ್ಲಿರುವ ಒಂದು ಪರೀಕ್ಷೆಯಲ್ಲಿ ಅದರ ಗಡಿ 42; ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ದುರಸ್ತಿ ವ್ಯವಸ್ಥೆ ಕೆಟ್ಟಿದೆ ಎಂದು ಪರಿಗಣಿಸುತ್ತಾರೆ. 41 ಬಂದ ರೋಗಿಗೂ 43 ಬಂದ ರೋಗಿಗೂ ಬೇರೆ ಬೇರೆ ಕಾಯಿಲೆ ಇದೆ ಎಂಬಂತೆ ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಗಡಿಯ ಆಸುಪಾಸಿನ ಅಂಕ ಬಂದರೆ, ಮಾದರಿಯಲ್ಲಿದ್ದ ಗಡ್ಡೆಯ ಪಾಲನ್ನು ಅದರ ಪಕ್ಕದಲ್ಲೇ ನಮೂದಿಸುತ್ತೇನೆ.

ಈ ಸ್ಕೋರ್ ಹಳೆಯ ಗಾಯದ ಕಲೆಯಿದ್ದಂತೆ. ಚಿಕಿತ್ಸೆಯ ಒತ್ತಡದಲ್ಲಿ ಕೆಲವು ಗಡ್ಡೆಗಳು ಬಿಆರ್‌ಸಿಎ ಜೀನಿನಲ್ಲಿ ಇನ್ನೊಂದು ರೂಪಾಂತರ ಪಡೆದು ದುರಸ್ತಿಯ ಶಕ್ತಿಯನ್ನು ಮರಳಿ ಗಳಿಸಿಕೊಂಡರೂ, ಜೀನೋಮಿನಲ್ಲಿ ಆಗಿಹೋದ ಹಾನಿಯ ಗುರುತು ಅಳಿಯುವುದಿಲ್ಲ. ಆದ್ದರಿಂದ ರೋಗ ಮರುಕಳಿಸಿದಾಗ ಹಳೆಯ ಅಂಕವನ್ನಷ್ಟೇ ನೆಚ್ಚಿಕೊಳ್ಳದೆ, ಕೊನೆಯ ಪ್ಲಾಟಿನಂ ಚಿಕಿತ್ಸೆಗೆ ಗಡ್ಡೆ ಹೇಗೆ ಸ್ಪಂದಿಸಿತು ಎಂದು ಆಂಕಾಲಜಿಸ್ಟ್ ಅವರನ್ನು ಕೇಳಿ, ಸಾಧ್ಯವಿದ್ದರೆ ಹೊಸ ಬಯಾಪ್ಸಿ ತರಿಸಿಕೊಳ್ಳುತ್ತೇನೆ.

ಗಡ್ಡೆಯಲ್ಲಿ ಬಿಆರ್‌ಸಿಎ ರೂಪಾಂತರ ಕಂಡ ಪ್ರತಿ ವರದಿಯ ಕೊನೆಗೂ ರಕ್ತದ ಪರೀಕ್ಷೆ ಮತ್ತು ಆನುವಂಶಿಕ ಸಮಾಲೋಚನೆಯ ಸಲಹೆ ಇರುತ್ತದೆ. ಅದು ಹುಟ್ಟಿನಿಂದಲೇ ಬಂದದ್ದಾದರೆ ರೋಗಿಯ ಅಕ್ಕತಂಗಿಯರಲ್ಲೂ ಮಕ್ಕಳಲ್ಲೂ ಅದೇ ರೂಪಾಂತರ ಇರುವ ಸಂಭವ ತಲಾ ಅರ್ಧದಷ್ಟಿರುತ್ತದೆ; ಬಿಆರ್‌ಸಿಎ1 ರೂಪಾಂತರವಿರುವ ಮಹಿಳೆಯರಿಗೆ, ಮಕ್ಕಳಾದ ಬಳಿಕ, ಸಾಮಾನ್ಯವಾಗಿ 35ರಿಂದ 40ರ ವಯಸ್ಸಿನೊಳಗೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸುವ ಸಲಹೆ ನೀಡಲಾಗುತ್ತದೆ. ಅರ್ಥ ಖಚಿತವಾಗದ ರೂಪಾಂತರ ಸಿಕ್ಕರೆ ಮಾತ್ರ, ಅದರ ಆಧಾರದ ಮೇಲೆ ಔಷಧವನ್ನಾಗಲಿ ಶಸ್ತ್ರಚಿಕಿತ್ಸೆಯನ್ನಾಗಲಿ ನಿರ್ಧರಿಸಬಾರದೆಂದು ವರದಿಯ ಮೊದಲ ಪುಟದಲ್ಲೇ ಬರೆಯುತ್ತೇನೆ.