ಪ್ರಾಜೆಕ್ಟ್ ಬಿಡುವ ಮುಂಚೆ ಬೀಗದ ಕೈ ಯಾರಿಗೆ ಅಂತ ಯೋಚಿಸಿ

ನಿಮ್ಮ ಓಪನ್ ಸೋರ್ಸ್ ಪ್ರಾಜೆಕ್ಟಿಗೆ ಸಮಯ ಕೊಡಲು ಆಗುತ್ತಿಲ್ಲವಾ? ಅದನ್ನೇ ರೀಡ್‌ಮಿ (ಪ್ರಾಜೆಕ್ಟಿನ ಪರಿಚಯ) ಫೈಲಿನ ಮೇಲ್ಗಡೆ ಬರೆದುಬಿಡಿ. "ಹೊಸ ಫೀಚರ್ ಇಲ್ಲ, ಸೆಕ್ಯುರಿಟಿ ತೊಂದರೆ ಮಾತ್ರ ನೋಡುತ್ತೇನೆ" ಅಂದರೂ ಸಾಕು. ಸುಮ್ನೆ ನಾಪತ್ತೆಯಾಗುವುದಕ್ಕಿಂತ ವಾಸಿ ಅಲ್ವಾ?

ಬೇರೆಯವರಿಗೆ ವಹಿಸುವಾಗ ಮಾತ್ರ ಅವಸರ ಬೇಡ. 2018ರಲ್ಲಿ, ಜಾವಾಸ್ಕ್ರಿಪ್ಟ್ ಕೋಡ್ ಪ್ಯಾಕೇಜ್‌ಗಳನ್ನು ಹಂಚುವ ತಾಣವಾದ ಎನ್‌ಪಿಎಂನ ಈವೆಂಟ್-ಸ್ಟ್ರೀಮ್ ಪ್ಯಾಕೇಜನ್ನು ಅದರ ಲೇಖಕರು, ನೋಡಿಕೊಳ್ಳುತ್ತೇನೆ ಅಂತ ಮೇಲ್ ಮಾಡಿದ ಅಪರಿಚಿತನಿಗೆ ಕೊಟ್ಟರು. ಆಸಾಮಿ ಬಿಟ್‌ಕಾಯಿನ್ ಕದಿಯುವ ಕೋಡನ್ನು ಒಂದು ಹೊಸ ಡಿಪೆಂಡೆನ್ಸಿಯೊಳಗೆ (ಅಂದರೆ ಈ ಪ್ಯಾಕೇಜ್ ಬಳಸಿಕೊಳ್ಳುವ ಇನ್ನೊಂದು ಪ್ಯಾಕೇಜಿನೊಳಗೆ) ಅಡಗಿಸಿ ತಂದ. 2024ರಲ್ಲಿ ಬಯಲಾದ ಎಕ್ಸ್‌ಝಡ್ ಪ್ರಕರಣ, ಅಂದರೆ ಫೈಲ್ ಕುಗ್ಗಿಸುವ ಆ ಸಾಫ್ಟ್‌ವೇರ್‌ನೊಳಗೆ ಕಳ್ಳಬಾಗಿಲು ಇಟ್ಟದ್ದು, ಇನ್ನೂ ಭಯಂಕರ. ಅದನ್ನು ಮಾಡಿದವರು ಎರಡು ವರ್ಷಕ್ಕೂ ಜಾಸ್ತಿ ಒಳ್ಳೆಯ ಪ್ಯಾಚ್ (ಕೋಡ್ ತಿದ್ದುಪಡಿ) ಕಳಿಸಿ ನಂಬಿಕೆ ಗಳಿಸಿದ್ದರು, ಜೊತೆಗೆ ಸುಸ್ತಾಗಿದ್ದ ನಿರ್ವಾಹಕರಿಗೆ "ಇನ್ನೊಬ್ಬರಿಗೆ ಬಿಟ್ಟುಕೊಡಿ" ಅಂತ ಬೇರೆ ಬೇರೆ ಹೆಸರಿನಿಂದ ಒತ್ತಡ ಬೇರೆ. ಯಾರಾದರೂ ಹೀಗೆ ಹಿಂದೆ ಬಿದ್ದರೆ ಇನ್ನಷ್ಟು ನಿಧಾನ ಮಾಡಿ.

ಅಧಿಕಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡಿ. ಮೊದಲು ಬಗ್ ವರದಿ ವಿಂಗಡಿಸಲಿ, ಆಮೇಲೆ ಬೇರೆಯವರು ಕಳಿಸಿದ ಕೋಡ್ ಮರ್ಜ್ ಮಾಡಲಿ (ಪ್ರಾಜೆಕ್ಟಿಗೆ ಸೇರಿಸಲಿ), ಪ್ಯಾಕೇಜ್ ಪಬ್ಲಿಷ್ ಮಾಡುವ ಹಕ್ಕು ಕೊನೆಗೆ. ಕೆಲವು ತಿಂಗಳು ಇಬ್ಬರೂ ಸೇರಿಯೇ ರಿಲೀಸ್ ಮಾಡಿ. ನಿಮ್ಮ ಪಾಸ್‌ವರ್ಡ್, ಟೋಕನ್ (ಪಾಸ್‌ವರ್ಡ್ ಬದಲು ಬಳಸುವ ಗುಪ್ತ ಸಂಕೇತ) ದಾಟಿಸಬೇಡಿ. ಅವರ ಸ್ವಂತ ಖಾತೆಯನ್ನೇ ಸೇರಿಸಿ, ಹಳೆಯ ಟೋಕನ್ ರದ್ದು ಮಾಡಿ. ಡೊಮೈನ್ ಯಾರ ಕಾರ್ಡಿನಲ್ಲಿ ರಿನ್ಯೂ ಆಗುತ್ತಿದೆ ಅನ್ನುವುದನ್ನು ಎಲ್ಲರೂ ಮರೆಯುತ್ತಾರೆ, ನೋಡಿಕೊಳ್ಳಿ. ನಿರ್ವಾಹಕರು ಬದಲಾದದ್ದನ್ನು ರಿಲೀಸ್ ಟಿಪ್ಪಣಿಯಲ್ಲಿ ಹೇಳಿ.

ಯಾರೂ ಸಿಗಲಿಲ್ಲವಾ? ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಆರ್ಕೈವ್ ಮಾಡಿ (ಓದಲು ಮಾತ್ರ ಉಳಿಯುತ್ತದೆ), ಎನ್‌ಪಿಎಂನಲ್ಲಿ ಡೆಪ್ರಿಕೇಟ್ (ಇನ್ನು ಬಳಸಬೇಡಿ) ಅಂತ ಗುರುತು ಹಾಕಿ. ಬೇಕಾದವರು ಫೋರ್ಕ್ ಮಾಡಿಕೊಳ್ಳುತ್ತಾರೆ, ಅಂದರೆ ಕೋಡಿನ ಪ್ರತಿ ತೆಗೆದುಕೊಂಡು ತಾವೇ ಮುಂದುವರಿಸುತ್ತಾರೆ.