ಬಿಸಿಬೇಳೆಬಾತಿನಲ್ಲಿ ಬೇಳೆ ಎಲ್ಲಿ?

2023ರಲ್ಲಿ ನಮ್ಮ ಮನೆಯವರಿಗೆ ಶುಗರ್ ಇದೆ ಅಂತ ಗೊತ್ತಾದ ದಿನ, ಅವರು ಡಾಕ್ಟರನ್ನು ಮೊದಲು ಕೇಳಿದ್ದೇ "ಬಿಸಿಬೇಳೆಬಾತ್ ತಿನ್ನಬಹುದಾ?" ಅಂತ. "ಕಡಿಮೆ ತಿನ್ನಿ" ಅಂದರು. ಕಡಿಮೆ ಅಂದರೆ ಎಷ್ಟು ಅಂತ ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಭಾನುವಾರ ಬಂದೇ ಬಂತು.

ಮೊದಲು ಓಟ್ಸ್ ಹಾಕಿ ನೋಡಿದೆ. ಗೋಡೆಗೆ ಪೋಸ್ಟರ್ ಅಂಟಿಸಲು ಕಾಯಿಸುತ್ತಾರಲ್ಲ ಮೈದಾ ಅಂಟು, ಹಾಗಾಯಿತು. ಅತ್ತೆ ಸೌಟು ಎತ್ತಿ ಹಿಡಿದು, "ಏನಮ್ಮಾ ಇದು, ಬೀಳ್ತಾನೇ ಇಲ್ಲ" ಅಂದರು.

ಆ ವರ್ಷ ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ, ಯಾರ ಬಾಯಲ್ಲಿ ಕೇಳಿದರೂ ಅದೇ ಮಾತು. ನಾನೂ ಒಂದು ಲೋಟ ಅಕ್ಕಿ ಬಿಟ್ಟು ಒಂದು ಲೋಟ ನವಣೆ ಹಾಕಿದೆ, ಮಿಕ್ಕಿದ್ದೆಲ್ಲ ಹಾಗೇ. ರುಚಿಗೆ ಮೋಸವಿರಲಿಲ್ಲ. ಆದರೆ ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿದರೆ ಶುಗರ್ 231. ಅಕ್ಕಿಯದ್ದು ತಿಂದ ವಾರ 240 ಇತ್ತು. ಸಿರಿಧಾನ್ಯ ತಾನೇ ಅಂತ ಎರಡನೇ ಸಲವೂ ತಟ್ಟೆ ತುಂಬ ಹಾಕಿಸಿಕೊಂಡಿದ್ದರು!

ಆಗ ಅಳತೆಯ ಕಡೆ ಗಮನ ಹೋಯಿತು. ನಮ್ಮಲ್ಲಿ ಒಂದು ಲೋಟ ಅಕ್ಕಿಗೆ ಅರ್ಧ ಲೋಟ ತೊಗರಿಬೇಳೆ, ತರಕಾರಿ ಒಂದೆರಡು ಹಿಡಿ. ಹೆಸರಲ್ಲಿ ಬೇಳೆ, ತಟ್ಟೆಯಲ್ಲಿ ಅನ್ನ. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಅಕ್ಕಿಯಲ್ಲಿ ಏಳೆಂಟು. ಅಳತೆಯನ್ನೇ ತಿರುಗಿಸಿದೆ: ಅರ್ಧ ಲೋಟ ನವಣೆ, ಒಂದು ಲೋಟ ಬೇಳೆ, ನಾಲ್ಕು ಲೋಟ ತರಕಾರಿ. ಬೀನ್ಸ್, ನವಿಲುಕೋಸು, ಕ್ಯಾರೆಟ್, ಅವರೆಕಾಳಿನ ಕಾಲದಲ್ಲಿ ಅವರೆಕಾಳು. ಆಲೂಗಡ್ಡೆ ಬಿಟ್ಟೆ.

ಹೇಳಿದಷ್ಟು ಸುಲಭಕ್ಕೆ ಕೂಡಿ ಬರಲಿಲ್ಲ. ಬೇಳೆ ಜಾಸ್ತಿಯಾದರೆ ಪುಡಿಯ ಖಾರ, ಹುಳಿ ಎರಡನ್ನೂ ನುಂಗಿಬಿಡುತ್ತೆ, ಸಪ್ಪೆ ತೊವ್ವೆ ತಿಂದ ಹಾಗೆ. ಹುಣಸೆಹಣ್ಣು ನಿಂಬೆಗಾತ್ರದ್ದು ಸಾಲದು, ಒಂದೂವರೆಯಷ್ಟು ಬೇಕು. ಅದನ್ನು ಬೇಳೆ, ತರಕಾರಿ ಪೂರ್ತಿ ಬೆಂದ ಮೇಲೇ ಹಾಕಬೇಕು. ಮೊದಲೇ ಬಿದ್ದರೆ ಬೀನ್ಸ್ ಎಷ್ಟು ಹೊತ್ತಾದರೂ ಗಟ್ಟಿ. ನವಣೆಯನ್ನು ಅರ್ಧ ಗಂಟೆ ನೆನೆಸಿ ಬೇರೆಯಾಗಿ ಬೇಯಿಸುತ್ತೇನೆ, ಕಾಳು ಕಾಳಾಗಿರುವಾಗಲೇ ಇಳಿಸುತ್ತೇನೆ. ಮುದ್ದೆಯಾಗುವಷ್ಟು ಬೆಂದರೆ ಓಟ್ಸಿನ ಕಥೆಯೇ. ಆರುತ್ತಾ ನವಣೆ ನೀರು ಎಳೆದುಕೊಳ್ಳುತ್ತೆ, ಹಾಗಾಗಿ ಬಡಿಸುವಾಗ ಪಕ್ಕದಲ್ಲಿ ಬಿಸಿನೀರು ಇಟ್ಟುಕೊಂಡಿರಬೇಕು.

ಪುಡಿಯಲ್ಲಿ ಕೊಬ್ಬರಿ ಪೂರ್ತಿ ಬಿಟ್ಟು ನೋಡಿದೆ, ಬಾತು ಹೋಗಿ ಸಾರಾಯಿತು. ಈಗ ಅರ್ಧಕ್ಕೆ ಇಳಿಸಿದ್ದೇನೆ. ಎಣ್ಣೆಯಿಲ್ಲದೆ ಹುರಿದರೆ ಅದರದ್ದೇ ಎಣ್ಣೆ ಸಾಕು. ಚಕ್ಕೆ, ಲವಂಗ, ಬ್ಯಾಡಗಿ ಮೆಣಸಿನಕಾಯಿ ಇದ್ದ ಹಾಗೇ. ಮರಾಠಿಮೊಗ್ಗು ಇಲ್ಲದ ಬಿಸಿಬೇಳೆಬಾತನ್ನು ನಾನು ಆ ಹೆಸರಿಂದ ಕರೆಯುವುದೇ ಇಲ್ಲ.

ತುಪ್ಪದ ವಿಷಯದಲ್ಲಿ ಮಾತ್ರ ನನಗೇ ಆಶ್ಚರ್ಯ. ಮೊದಲು ಒಗ್ಗರಣೆಗೆ, ಕುದಿಯುವಾಗ, ಇಳಿಸುವಾಗ ಅಂತ ನಾಲ್ಕು ದೊಡ್ಡ ಚಮಚ ಹೋಗುತ್ತಿತ್ತು. ದೊಡ್ಡ ಚಮಚಕ್ಕೆ ಹೆಚ್ಚುಕಡಿಮೆ 120 ಕ್ಯಾಲೊರಿ. ಒಳಗೆ ಕುದಿದ ತುಪ್ಪ ಯಾರ ಮೂಗಿಗೂ ಬರುವುದಿಲ್ಲ. ಈಗ ಒಗ್ಗರಣೆಗೆ ಒಂದು ಸಣ್ಣ ಚಮಚ ಎಣ್ಣೆ, ತಟ್ಟೆಗೆ ಬಡಿಸಿದ ಮೇಲೆ ತಲೆಗೆ ಅರ್ಧ ಸಣ್ಣ ಚಮಚ ತುಪ್ಪ. "ಇವತ್ತು ತುಪ್ಪ ಜಾಸ್ತಿ ಹಾಕಿದೀಯಾ?" ಅಂತ ಅತ್ತೆಯೇ ಕೇಳಿದರು.

ಗೋಡಂಬಿ ಬದಲು ನೆನೆಸಿದ ಕಡಲೆಕಾಯಿ ಬೀಜ ಬೇಳೆಯ ಜೊತೆಗೇ ಬೇಯುತ್ತೆ. ಖಾರಾಬೂಂದಿ ಬಿಡಿಸಲು ನನ್ನ ಕೈಲಿ ಆಗಲಿಲ್ಲ, ಎರಡು ಚಮಚಕ್ಕೆ ರಾಜಿಯಾಯಿತು.

ಹೊಸ ಅಳತೆಯಲ್ಲಿ, ಒಂದೇ ತಟ್ಟೆ, ಪಕ್ಕಕ್ಕೆ ಸೌತೆಕಾಯಿ ಹೋಳು: ಎರಡು ಗಂಟೆಗೆ 168. ಮಾತ್ರೆಯೂ ಶುರುವಾಗಿತ್ತು ಅನ್ನಿ, ಹಾಗಾಗಿ ಪೂರ್ತಿ ಶ್ರೇಯಸ್ಸು ನನ್ನ ಪಾತ್ರೆಗೇ ಅಂತ ಹೇಳಲಾರೆ.

ನಾದಿನಿ ಮನೆಯವರು ಬಂದ ದಿನ ಅತ್ತೆ ತಾವೇ ಒಲೆ ಮುಂದೆ ನಿಲ್ಲುತ್ತಾರೆ. ಅವತ್ತು ಹಳೇ ಅಳತೆ. ನಮ್ಮ ಮನೆಯವರಿಗೆ ಒಂದೇ ಸೌಟು, ಅದನ್ನು ಬಡಿಸುವುದು ನಾನು.