ಲೋಗೋಗೆ ಮುಂಚೆ 20 ಪ್ಯಾಕೆಟ್ ಕಾಫಿ ಪುಡಿ ಮಾರಿ ನೋಡಿ

ತೋಟದ ಕಾಫಿಯನ್ನು ಪುಡಿ ಮಾಡಿ ಮಾರಲು ಹೊರಟವರು ಮೊದಲ ತಿಂಗಳುಗಳನ್ನು ಹೆಸರು, ಲೋಗೋ, ಬಣ್ಣದ ಪೌಚ್, ಇನ್‌ಸ್ಟಾಗ್ರಾಮ್ ಪೇಜಿನಲ್ಲೇ ಕಳೆದುಬಿಡುತ್ತಾರೆ. ದಿನಕ್ಕೊಂದು ಕೆಲಸ ಮುಗಿಯುವುದರಿಂದ ವ್ಯಾಪಾರ ನಡೆಯುತ್ತಿದೆ ಅನಿಸುತ್ತದೆ. ಅಷ್ಟರಲ್ಲಿ ಕಾಲು ಕೆಜಿ ಪುಡಿಯೂ ಮಾರಾಟವಾಗಿರುವುದಿಲ್ಲ.

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮೊದಲೇ ಆಗಬೇಕು, ಅದನ್ನು ಬಿಡುವಂತಿಲ್ಲ. ನಂತರ ಕ್ಯೂರಿಂಗ್ ಆದ (ಸಿಪ್ಪೆ ತೆಗೆದು ಹಸನು ಮಾಡಿದ) ಬೀಜ 6 ಕೆಜಿ ಹುರಿಸಿ. ಶೇ. 15ರಿಂದ 20ರಷ್ಟು ತೂಕ ಇಳಿದು 5 ಕೆಜಿ ಆಸುಪಾಸು ಉಳಿಯುತ್ತದೆ: 250 ಗ್ರಾಂನ 20 ಪ್ಯಾಕೆಟ್. ದರ ಹಾಕುವಾಗ ಈ ಇಳಿತ ಮರೆತರೆ ಪ್ರತಿ ಪ್ಯಾಕೆಟ್‌ಗೆ 50 ಗ್ರಾಂ ಬೀಜದ ಹಣ ಕೈಬಿಟ್ಟಂತೆ. ಬೀಜ ಸ್ವಂತ ತೋಟದ್ದಾದರೂ ಅಂದಿನ ಮಾರುಕಟ್ಟೆ ದರವನ್ನೇ ಹಿಡಿಯಿರಿ.

ಫಾಯಿಲ್ ಪದರದ ಸಾದಾ ಪೌಚ್, ಬಿಳಿ ಸ್ಟಿಕರ್ ಸಾಕು. ನೋಂದಣಿ ಸಂಖ್ಯೆ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ತಿಂಗಳು, ವಿಳಾಸ ಇರಲಿ; ಚಿಕೋರಿ ಬೆರೆಸಿದ್ದರೆ ಶೇಕಡಾವಾರು ಬರೆಯಲೇಬೇಕು. ನಮ್ಮ ಮಳೆಗಾಲದ ಥಂಡಿಗೆ ಕಾಗದದ ಸ್ಟಿಕರ್ ಸುರುಳಿಯಾಗುತ್ತದೆ, ಪ್ಲಾಸ್ಟಿಕ್‌ನದ್ದು ತೆಗೆದುಕೊಳ್ಳಿ. ಹುರಿದ ಬೀಜ ಗ್ಯಾಸ್ ಬಿಡುವುದರಿಂದ ಬಿಸಿಬಿಸಿಯಾಗಿ ತುಂಬಿದ ಪೌಚ್ ಉಬ್ಬುತ್ತದೆ. ಸೀಲ್ ಹಾಕುವ ಅಂಚಿಗೆ ಪುಡಿ ಅಂಟಿದ್ದರೆ ಅಲ್ಲಿಂದಲೇ ಗಾಳಿಯಾಡಿ ಘಮ ಹೋಗುತ್ತದೆ. ಒಣಬಟ್ಟೆಯಿಂದ ಒರೆಸಿ ಸೀಲ್ ಮಾಡಿ, ಒಂದು ಪ್ಯಾಕೆಟನ್ನು ನೀರಲ್ಲಿ ಮುಳುಗಿಸಿ ಒತ್ತಿ. ಗುಳ್ಳೆ ಎದ್ದರೆ ಸೀಲ್ ಸರಿಯಿಲ್ಲ.

ಈಗ ಮುಖ್ಯ ವಿಷಯ: ಯಾರಿಗೆ ಮಾರುವುದು? ನೆಂಟರಿಷ್ಟರು ಪ್ರೀತಿಗೆ ಕೊಳ್ಳುತ್ತಾರೆ, ಅವರನ್ನು ಲೆಕ್ಕಕ್ಕೆ ಸೇರಿಸಬೇಡಿ. ಮಡಿಕೇರಿಗೆ ಬಂದ ಪ್ರವಾಸಿ ಊರಿನ ನೆನಪಿಗೆ ಒಂದು ಪ್ಯಾಕೆಟ್ ಒಯ್ಯುತ್ತಾನೆ. ಅವನ ಲೆಕ್ಕ ಬೇರೆ ಪುಟದಲ್ಲಿರಲಿ. ಉಳಿದಂತೆ ಪರಿಚಯವಿಲ್ಲದ 20 ಜನರಿಗೆ ಪೂರ್ತಿ ದರಕ್ಕೆ ಮಾರಿ, ಹೆಸರು, ಫೋನ್, ತಾರೀಖು ಬರೆದಿಡಿ. ತಿಂಗಳಾದ ಮೇಲೆ ಫೋನ್ ಮಾಡಿ. ‘ಪುಡಿ ಚೆನ್ನಾಗಿತ್ತಾ?’ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ‘ಈಗ ಮನೆಯಲ್ಲಿ ಯಾವ ಪುಡಿ ಇದೆ?’ ಎಂದು ಕೇಳಿ, ನಿಜ ಗೊತ್ತಾಗುತ್ತದೆ. ಬೇರೆ ಪುಡಿಗೆ ಹೋಗಿದ್ದರೆ ಹುರಿತವೋ ಚಿಕೋರಿಯೋ ದರವೋ ವಿಚಾರಿಸಿ, ಒಂದನ್ನೇ ಬದಲಿಸಿ ಮತ್ತೆ 20 ಪ್ಯಾಕೆಟ್ ಮಾಡಿ.

ಹೆಸರಿನ ಬಗ್ಗೆ ಒಂದು ಮಾತು. ಬರೀ ‘ಕೂರ್ಗ್ ಕಾಫಿ’ ಎಂಬುದಕ್ಕೆ ಟ್ರೇಡ್‌ಮಾರ್ಕ್ ಸಿಗುವುದು ಕಷ್ಟ, ಅದು ಊರಿನ ಹೆಸರು. ‘ಕೂರ್ಗ್ ಅರೇಬಿಕಾ’ಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಬೇರೆ ಜಾತಿಯ ಕಾಫಿಯಾದ ರೋಬಸ್ಟಾ ತುಂಬಿದ ಪೌಚ್ ಮೇಲೆ ಅದನ್ನು ಹಾಕಲೇಬಾರದು.

20ರಲ್ಲಿ ಏಳೆಂಟು ಜನ ತಾವಾಗಿ ಎರಡನೇ ಸಲ ಕೊಂಡರೆ ಡಿಸೈನರ್ ಹತ್ತಿರ ಹೋಗಬಹುದು. ಆಗಲೂ ದರ, ತಾರೀಖಿನ ಜಾಗ ಖಾಲಿ ಬಿಡಿಸಿ. ಬೀಜದ ದರ ಏರಿದಾಗ ಅಚ್ಚಾದ ಸಾವಿರಾರು ಪೌಚ್ ಸ್ಟೋರಿನಲ್ಲಿ ಕೊಳೆಯುವುದು ತಪ್ಪುತ್ತದೆ.